ಹತ್ತು ತೆತ್ರಿ

ನಮ್ಮ ಕಟ್ಟಡದ ಲಿಫ್ಟು ಪುಕ್ಕಟೆ ಮೇಲೇರುವುದಿಲ್ಲ.
ಡಬ್ಬಿಯ ಸೀಳಿನಲ್ಲಿ ಹತ್ತು ತೆತ್ರಿ ಹಾಕಬೇಕು;
ಆಗ ಮೈಮುರಿದು, ಗೊಣಗಿ,
ಒಂಬತ್ತನೆಯ ಮಹಡಿಗೆ ಒಯ್ಯುತ್ತದೆ.
ಇಳಿಯುವುದು ಬಿಟ್ಟಿ, ಏರುವುದಕ್ಕೆ ಮಾತ್ರ ಕಾಸು.
ಟಿಬಿಲಿಸಿಯಲ್ಲಿ ಇದು ಮಕ್ಕಳಿಗೂ ಗೊತ್ತು:
ಚಿಲ್ಲರೆ ಇಲ್ಲದವನು ಮೆಟ್ಟಿಲು ಎಣಿಸುತ್ತಾನೆ.

ನಾನು ಪಿಯಾನೋ ಶ್ರುತಿ ಮಾಡುವವನು.
ನಲವತ್ತು ವರ್ಷ ಶಾಲೆ, ನಾಟಕಶಾಲೆ, ವಿಧವೆಯರ ಮನೆಗಳಲ್ಲಿ
ತಂತಿಗಳ ಕಿವಿ ಹಿಂಡಿದ್ದೇನೆ.
ನಮ್ಮ ಫ್ರಿಜ್ಜು ಯಾವ ಸ್ವರದಲ್ಲಿ ಗುಂಯ್‌ಗುಡುತ್ತದೆ, ಬಲ್ಲೆ.
ವ್ಯಾನಿನ ಬ್ರೇಕು ಅರ್ಧ ಸ್ವರ ಇಳಿದಿರುವುದು ಬಲ್ಲೆ.
ತ್ಸಿಯಾಲಳ ನರಳಿಕೆಯ ಸ್ವರವನ್ನೂ ಬಲ್ಲೆ.
ಅವಳಿಗೆ ಹೇಳಿಲ್ಲ.

ರಾತ್ರಿ ಮೂರಕ್ಕೆ ಅದು ಮಂದ್ರದಲ್ಲಿರುತ್ತದೆ,
ನಾಲ್ಕರ ಹೊತ್ತಿಗೆ ಒಂದು ಕೂದಲೆಳೆ ಏರುತ್ತದೆ.
ಚಮಚದ ಬೆನ್ನಿನಿಂದ ಮಾತ್ರೆ ಪುಡಿ ಮಾಡುತ್ತೇನೆ,
ದಾಳಿಂಬೆ ರಸದಲ್ಲಿ ಕಲೆಸಿ ತುಟಿಗೆ ಹಿಡಿಯುತ್ತೇನೆ.
ಮೂಳೆಯೊಳಗೆ ಯಾರೋ ಗೂಟ ತಿರುವುತ್ತಿದ್ದಾರೆ.
ನನ್ನ ತಿರುಪುಗೋಲು, ಕವೆ, ಉಣ್ಣೆಯ ಪಟ್ಟಿ
ಯಾವುದೂ ಆ ತಂತಿಯನ್ನು ಮುಟ್ಟುವುದಿಲ್ಲ.
ಹಿಂದೆ ತಂತಿಗಳನ್ನು ಕರುಳಿನಿಂದ ಹೊಸೆಯುತ್ತಿದ್ದರಂತೆ.
ಹೌದು, ಹೊಸೆದಿರಬೇಕು.

ಗುರುವಾರ ನರ್ಸ್ ಎತೇರಿ ಬರುತ್ತಾಳೆ.
ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು, ಕೇಳುತ್ತಾಳೆ.
ತ್ಸಿಯಾಲ ನನ್ನ ಮುಖ ನೋಡಿ "ಐದು" ಎನ್ನುತ್ತಾಳೆ.
ಚಹಾಕ್ಕೆಂದು ನಾನು ಅಡಿಗೆಮನೆಗೆ ಹೋದ ಮೇಲೆ
ತಗ್ಗಿದ ದನಿಯಲ್ಲಿ, ಗೋಡೆಯಾಚೆ: "ಒಂಬತ್ತು."
ಯಾರನ್ನು ಮದುವೆಯಾದೆನೆಂದು ಮರೆತಳೇನೋ,
ಈ ಕಿವಿಯನ್ನು.

ಔಷಧಿ ಅಂಗಡಿಗೆ ಹೋಗಬೇಕು ಎನ್ನುತ್ತೇನೆ.
ಇಳಿಯುವಾಗ ಅಳು ಬರುವುದಿಲ್ಲ, ಏಕೋ.
ಕೆಳಗೆ ನಿಂತು ಹತ್ತು ತೆತ್ರಿ ಹಾಕಿ
ಬಾಗಿಲು ಮುಚ್ಚಿದ ಮೇಲೆ ನನಗೆ ಐವತ್ತು ಸೆಕೆಂಡು.
ಮೂರನೆಯ ಮಹಡಿಯ ಹತ್ತಿರ ಬಾಯಿ ತೆರೆಯುತ್ತದೆ,
ಐದರಲ್ಲಿ ಸದ್ದು,
ಏಳರಲ್ಲಿ ಕರವಸ್ತ್ರ,
ಎಂಟು ದಾಟುವಾಗ ಮುಖವನ್ನು ಮತ್ತೆ
ಮುಖದ ಹಾಗೆ ಜೋಡಿಸಿಕೊಳ್ಳುತ್ತೇನೆ.
ಕೆಲವು ದಿನ ಸಾಲುವುದಿಲ್ಲ.
ಮತ್ತೆ ಇಳಿಯುತ್ತೇನೆ. ಮತ್ತೆ ಹತ್ತು.
ಕಳೆದ ಮಂಗಳವಾರ ಐವತ್ತು ತೆತ್ರಿ ಹೋಯಿತು;
ಬ್ರೆಡ್ಡಿನ ಲೆಕ್ಕದಲ್ಲಿ ಬರೆದೆ.

ಇನ್ನೊಂದಿದೆ. ಅದನ್ನು ಲಿಫ್ಟಿನಲ್ಲೂ ಆಡಿಲ್ಲ.
ಮೊನ್ನೆ ರಾತ್ರಿ ಆ ಸ್ವರ ಥಟ್ಟನೆ ನಿಂತಿತು.
ಕತ್ತಲಲ್ಲಿ ಕೂತಿದ್ದ ನಾನು
ಮೊದಲು, ಎಲ್ಲಕ್ಕಿಂತ ಮೊದಲು,
ನೆಮ್ಮದಿಯ ಉಸಿರು ಬಿಟ್ಟೆ.
ಎದೆ ಧಸಕ್ಕೆಂದದ್ದು ಆಮೇಲೆ.
ಅವಳಿಗೆ ನಿದ್ದೆ ಹತ್ತಿತ್ತು, ಅಷ್ಟೇ.
ಬಾಯಿ ಚೂರು ತೆರೆದು, ಹುಡುಗಿಯ ಹಾಗೆ.
ಆ ಉಸಿರಿಗೂ ಆ ಭಯಕ್ಕೂ ನಡುವೆ
ಇದ್ದನಲ್ಲ ಒಬ್ಬ ಮನುಷ್ಯ,
ಅವನ ಜೊತೆ ಈಗ ನಾನು ಊಟ ಮಾಡಬೇಕು,
ಹಲ್ಲುಜ್ಜಬೇಕು.

ಇವತ್ತು ಹೊರಟು ಬೂಟು ಕಟ್ಟುವಾಗ ಕರೆದಳು.
ದಿಂಬಿನಡಿಯಿಂದ ಒಂದು ಹಳೆ ಕಾಲುಚೀಲ,
ತುದಿಯಲ್ಲಿ ಗಂಟು, ಒಳಗೆ ಚಿಲ್ಲರೆಯ ಭಾರ.
ಮೂವತ್ತು ವರ್ಷ ಸರ್ಕಸ್ಸಿನ ಟಿಕೆಟು ಕಿಟಕಿಯಲ್ಲಿ ಕೂತವಳು;
ಬೆರಳು ನಡುಗಿದರೂ ಎಣಿಕೆ ತಪ್ಪುವುದಿಲ್ಲ.
"ಲಿಫ್ಟಿಗೆ ಬೇಕಾಗುತ್ತದೆ, ಒತಾರ್" ಅಂದಳು,
"ನಿನಗೆ ಒಂದು ಸಲಕ್ಕೆ ಸಾಲುವುದಿಲ್ಲ."

ಅವಳ ತಲೆದೆಸೆಗೆ ಗೋಡೆ.
ಗೋಡೆಯ ಹಿಂದೆ ಲಿಫ್ಟಿನ ಬಾವಿ.
ಇಪ್ಪತ್ತಾರು ವರ್ಷದಿಂದ ಅಲ್ಲೇ ಇದೆ.
ನನಗೆ ಹೊಳೆದಿರಲಿಲ್ಲ,
ಕಿವಿಯಿಂದ ಅನ್ನ ತಿಂದವನಿಗೆ.

ಔಷಧಿ ತಂದೆ.
ಜೇಬಿನಲ್ಲಿ ಕಾಲುಚೀಲ, ಅವಳ ಮೈಯ ಬಿಸಿ ಆರಿರಲಿಲ್ಲ.
ಲಿಫ್ಟು ಬಾಗಿಲು ತೆರೆದು ನಿಂತಿತ್ತು.
ಮೆಟ್ಟಿಲು ಹತ್ತಿದೆ, ಎಣಿಸದೆ,
ಕಾಸು ಸದ್ದು ಮಾಡದ ಹಾಗೆ ಒಂದು ಕೈಯಲ್ಲಿ ಅದುಮಿ ಹಿಡಿದು.